ಆಯುಧ ಪೂಜೆಗೆ ಮಾತ್ರ ತೆರೆಯುತ್ತಿದ್ದ ಕೋಣೆ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ವರ್ಷಕ್ಕೊಮ್ಮೆ ತೆರೆಯುತ್ತಿತ್ತು, ಆಯುಧ ಪೂಜೆಗೆ. ಐಮಂಗಲದಲ್ಲಿ ಬಸ್ಸಿಳಿದು ಆಟೋ ಹಿಡಿದು ಒಳಕ್ಕೆ ಹೋಗಬೇಕಾದ ಆ ಪ್ರೌಢಶಾಲೆಗೆ ನಾನು ವಿಜ್ಞಾನದ ಟೀಚರಾಗಿ ಬಂದ ವರ್ಷ, ಆರು ಕಂಪ್ಯೂಟರುಗಳಿಗೂ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮತ್ತೆ ಬಟ್ಟೆ ಹೊದಿಸಿ ಬೀಗ ಜಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮಕ್ಕಳು ಮೌಸಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪಾಸಾಗುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದವರು ಒಬ್ಬರೂ ಇರಲಿಲ್ಲ.

ಹೆಡ್‌ಮಾಸ್ಟರು ಕೆಟ್ಟವರೇನಲ್ಲ. "ಸ್ಟಾಕ್ ಪುಸ್ತಕದಾಗೆ ಅವು ನನ್ನ ಸಹಿ ಮೇಲೆ ಅವೆ ಮೇಡಮ್. ಒಂದು ಕೆಟ್ರೂ ನಾನೇ ಉತ್ತರ ಹೇಳ್ಬೇಕು. ಮುಟ್ಟದಿದ್ರೆ ಕೆಡಲ್ಲ ನೋಡ್ರಿ" ಎಂದರು. ಮುಟ್ಟದೆಯೇ ಕೆಟ್ಟವು. ಮರುವರ್ಷ ಅವರೇ ಗುಜರಿಗೆ ಹಾಕುವ ಪಟ್ಟಿ ಮಾಡಿ, ಪೂಜೆ ಮುಗಿದ ಕೂಡಲೇ ಗಾಡಿ ಬರುತ್ತದೆ, ಕೋಣೆ ಬಿಸಿಯೂಟದ ಅಕ್ಕಿ ಮೂಟೆಗೆ ಬೇಕು ಎಂದರು.

"ಪೂಜೆ ದಿನ ನಡೆಸಿ ತೋರಿಸಿದ್ರೆ ಪಟ್ಟಿ ಹರಿತೀರಾ ಸರ್?" ಎಂದು ಕೇಳಿದೆ.

"ಹರಿತೀನಿ. ನಡಿಬೇಕಲ್ಲ" ಎಂದು ನಕ್ಕರು.

ಅವರಿಂದ ಕೋಣೆಯ ಬೀಗದ ಕೈ ಇಸಿದುಕೊಂಡು, ಒಂದನ್ನು ಚಿತ್ರದುರ್ಗಕ್ಕೆ ಹೊತ್ತೊಯ್ದೆ. "ಇದ್ರಾಗಿನ ಸಿಸ್ಟಮ್ಮಿಗೆ ಈಗ ಅಪ್‌ಡೇಟ್ ಬರಲ್ಲ, ಹೊಸದು ಹಾಕಿದ್ರೆ ಇದು ಏಳಲ್ಲ" ಎಂದು ರಿಪೇರಿಯವನು ಕೈಚೆಲ್ಲಿಬಿಟ್ಟ. ನನಗೆ ಹಠ ಹಿಡಿಯಿತು. ಹಳೇ ಯಂತ್ರಕ್ಕೂ ಒಗ್ಗುವ, ಪುಕ್ಕಟೆ ಸಿಗುವ ಲಿನಕ್ಸ್ ಎಂಬುದೊಂದಿದೆ ಎಂದು ಫೋನಿನಲ್ಲಿ ಓದಿ, ಪೆನ್‌ಡ್ರೈವಿಗೆ ಇಳಿಸಿಕೊಂಡು, ಊಟದ ಬಿಡುವಿನಲ್ಲಿ ಒಂದೊಂದಕ್ಕೇ ಹಾಕತೊಡಗಿದೆ. ಮೊದಲನೆಯದು ಮೂರು ಸಲ ಕೈಕೊಟ್ಟಿತು. ನಾಲ್ಕನೇ ಸಲ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದಾಗ ಒಬ್ಬಳೇ ಕುಳಿತು ಚಪ್ಪಾಳೆ ತಟ್ಟಿದೆ. ಆರರಲ್ಲಿ ನಾಲ್ಕು ಎದ್ದವು.

ಇನ್ನು ಕರೆಂಟು. ಸರಿಯಾಗಿ ಪಾಠದ ಹೊತ್ತಿಗೇ ಹೋಗುತ್ತಿತ್ತು. ಮನೆಯ ಯುಪಿಎಸ್ಸನ್ನೂ ಅದರ ಹಳೇ ಬ್ಯಾಟರಿಯನ್ನೂ ಆಟೋದಲ್ಲಿ ತಂದೆ. ಹೊಸ ಫೋನಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಹಿರಿಯೂರಿನಿಂದ ಎರಡು ಸೋಲಾರ್ ಪ್ಯಾನೆಲ್ ತಂದು ತಾರಸಿಗೆ ಹಾಕಿಸಿದೆ. ಬ್ಯಾಟರಿಗೆ ವಯಸ್ಸಾಗಿತ್ತು, ಬಿಸಿಲಿದ್ದಷ್ಟು ಹೊತ್ತೇ ಅದರ ಜೀವ. ನಮ್ಮ ಕಡೆ ಬಿಸಿಲಿಗೇನು ಕೊರತೆ.

ದಸರಾ ರಜೆಯ ಹಿಂದಿನ ದಿನವೇ ಶಾಲೆಯ ಪೂಜೆ. ಅಂದು ಕರೆಂಟ್ ಇರಲಿಲ್ಲ. ಗುಜರಿ ಗಾಡಿ ಬಂದು ಗೇಟಿನಲ್ಲಿ ನಿಂತಿತ್ತು. ಹೆಡ್‌ಮಾಸ್ಟರು ಬಂದು ನಿಂತ ಮೇಲೆ ಕಂಪ್ಯೂಟರುಗಳನ್ನು ಹಾಕಿದೆ. ಎದ್ದವು. ಎರಡೇ ನಿಮಿಷಕ್ಕೆ ಯುಪಿಎಸ್ ಕೂಗಿಕೊಂಡು ನಾಲ್ಕೂ ಆರಿಹೋದವು. ಅವರು ನನ್ನ ಮುಖ ನೋಡಿದರು, ನಗಲಿಲ್ಲ. ಅದೇ ಹೆಚ್ಚು ಅವಮಾನವಾಯಿತು.

ತಾರಸಿಗೆ ಓಡಿದೆ. ನಮ್ಮ ಬಿಸಿಯೂಟದ ಅಕ್ಕ ಕೈಮುಗಿದು ನಿಂತಿದ್ದರು. ಎರಡೂ ಪ್ಯಾನೆಲ್ಲಿಗೆ ಮೂರು ಮೂರು ಬೆರಳಗಲದ ವಿಭೂತಿ ಪಟ್ಟೆ, ಮೇಲೆ ಅಡ್ಡಲಾಗಿ ಚೆಂಡುಹೂವಿನ ದಪ್ಪ ದಪ್ಪ ಹಾರ.

"ಏನಕ್ಕಾ ಇದು?"

"ಇದೂ ಆಯುಧ ಅಲ್ವೇನ್ರಿ ಟೀಚರಮ್ಮ? ಕೆಳಗಿನವಕ್ಕೆಲ್ಲ ಪೂಜೆ ಆಗೈತೆ, ಇದ್ನೊಂದು ಬಿಟ್ರೆ ಹೆಂಗೆ?"

ರೇಗಬೇಕೆಂದು ಬಾಯಿ ತೆರೆದವಳಿಗೆ ಆಗಲಿಲ್ಲ. "ಬಿಸಿಲೇ ಇದರ ಊಟ ಅಕ್ಕಾ. ಬಾಯಿಗೆ ಹೂವು ತುರುಕಿದಂಗೆ ಆಗೈತೆ" ಎಂದೆ. ಅವರು "ಅಯ್ಯೋ ಶಿವನೇ" ಎಂದು ಹಾರ ಕಿತ್ತರು, ಪಕ್ಕದಲ್ಲಿದ್ದ ಕೊಡದ ನೀರು ಸುರಿದು ಸೆರಗಿನಿಂದಲೇ ಒರೆಸಿದರು.

ಕಾಲು ಗಂಟೆ ಬಿಟ್ಟು ಮತ್ತೆ ಹಾಕಿದೆ. ಅರ್ಧ ಗಂಟೆಯಾದರೂ ನಾಲ್ಕೂ ಆರಲಿಲ್ಲ. ಹೆಡ್‌ಮಾಸ್ಟರು ಮಾತಿಗೆ ತಪ್ಪಲಿಲ್ಲ. ನನ್ನೆದುರೇ ಪಟ್ಟಿ ಹರಿದರು, ಗಾಡಿಯನ್ನು ವಾಪಸ್ ಕಳಿಸಿದರು. ಆಮೇಲೆ ಬಟ್ಟೆ ಎತ್ತಿಕೊಂಡು, "ನಡಿತಾವೆ ಅಂತ ಗೊತ್ತಾಯ್ತಲ್ಲ, ಬರ್ರಿ ಇನ್ನ, ಜೋಪಾನವಾಗಿ ಹೊದಿಸಿ ಬೀಗ ಹಾಕಾಣ" ಎಂದರು.

ಇಷ್ಟು ದಿನ ನಾನು ಗುದ್ದಾಡಬೇಕಿದ್ದುದು ಯಂತ್ರಗಳ ಜೊತೆಗಲ್ಲ, ಆ ಸಹಿಯ ಭಯದ ಜೊತೆಗೆ ಎಂದು ಆಗ ತಿಳಿಯಿತು. ಸ್ಟಾಕ್ ಪುಸ್ತಕ ತರಿಸಿ ಅವರ ಮುಂದಿಟ್ಟೆ.

"ಇವನ್ನ ನನ್ನ ಹೆಸರಿಗೆ ಬರೀರಿ ಸರ್, ಈಗಲೇ ಸಹಿ ಹಾಕ್ತೀನಿ. ನಾಳೆ ಕೆಟ್ರೆ, ಮಕ್ಕಳು ಬಳಸಿ ಕೆಟ್ಟವು ಅಂತ ಬರೀರಿ. ಅದಕ್ಕೂ ನಾನೇ ಸಹಿ ಹಾಕ್ತೀನಿ."