ನೀರು ಕೊಡುವ ಚಂದವ್ವ ಒಪ್ಪಿಗೆ ಕೊಡುವುದಿಲ್ಲ

ಝಳಕಿಯಲ್ಲಿ ದಿನದ ಮೊದಲ ಲಾರಿ ನಿಲ್ಲುವ ಹೊತ್ತಿಗೆ ಚಂದವ್ವ ನೀರಿನ ಮಣ್ಣಿನ ಹರವಿಗಳನ್ನು ತೊಳೆದಾಗಿದೆ. ಬಾವಿಯಿಂದ ಕೊಡ ಹೊತ್ತು ತಂದು, ಬಿಳಿ ಬಟ್ಟೆಯಲ್ಲಿ ನೀರು ಸೋಸಿ, ಹರವಿಯ ಬುಡದ ಉಸುಕಿಗೂ ಒಂದಿಷ್ಟು ಚಿಮುಕಿಸುತ್ತಾಳೆ. ಉಸುಕು ಹಸಿಯಿದ್ದರೆ ಒಳಗಿನ ನೀರು ತಂಪು. ವ್ಯಾಪಾರಿಗಳು ಬೇಸಿಗೆಯಲ್ಲಿ ನಡೆಸುವ ಈ ಅರವಟಿಗೆಯಲ್ಲಿ ದಾರಿಹೋಕರಿಗೆ ನೀರು ಹಾಕುವುದೇ ಆಕೆಯ ಕೆಲಸ. ಬೊಗಸೆಯೊಡ್ಡಿ ಗಟಗಟನೆ ಕುಡಿಯುವ ಡ್ರೈವರನಿಗೆ, "ಸಾವಕಾಶ ಕುಡಿಯೋ ತಮ್ಮಾ, ನಿನ್ನ ಲಾರಿ ಎಲ್ಲಿ ಓಡಿ ಹೋಗತೈತಿ?" ಎನ್ನುತ್ತಾಳೆ.

ಚಂದವ್ವನ ಗಂಡ ಧೂಳಪ್ಪನನ್ನು ಇದೇ ಊರಿನ ಸೋಮನಿಂಗ ಹೊಲದ ಬದುವಿನ ಜಗಳದಲ್ಲಿ ಕೊಡಲಿಯಿಂದ ಕಡಿದು ಕೊಂದ. ಕಣ್ಣಾರೆ ಕಂಡವಳು ಮಗಳು ಕಾಶಿಬಾಯಿ. ಅವಳ ಸಾಕ್ಷಿಯ ಮೇಲೆಯೇ ಅವನಿಗೆ ಜನ್ಮಠೇಪಿ, ಅಂದರೆ ಜೀವಾವಧಿ ಶಿಕ್ಷೆ ಆಯಿತು.

ಕೈದಿಗೆ ಪೆರೋಲ್ ಕೊಡುವ ಮುನ್ನ ಪೊಲೀಸ್ ಠಾಣೆಯ ಫೌಜದಾರರು ಬಂದು ಊರಲ್ಲಿ ಯಾರದಾದರೂ ತಕರಾರು ಇದೆಯೇ ಎಂದು ಕೇಳುತ್ತಾರೆ. ಊರವರು ಪೆರೋಲನ್ನು 'ಜೈಲಿನ ರಜಾ' ಎನ್ನುತ್ತಾರೆ. ಇಲ್ಲೊಂದು ಪದ್ಧತಿಯೂ ಇದೆ: ಕೊಲೆಯಾದವನ ಮನೆಯವರು ಕೊಟ್ಟ ನೀರನ್ನು ಕೊಂದವನ ಮನೆಯವರು ಕುಡಿದರೆ ಹಗೆ ಹರಿದಂತೆ. ಹೋದ ಬೇಸಿಗೆಯಲ್ಲಿ ಸೋಮನಿಂಗನ ತಾಯಿ ರುಕ್ಮವ್ವ ಅರವಟಿಗೆಯ ಮುಂದೆ ತಲೆ ತಿರುಗಿ ಕುಳಿತಳು. ಚಂದವ್ವ ನೀರು ಹಾಕಿದಳು. ಅಷ್ಟೇ ಸಾಕಾಯಿತು. ಊರ ಗೌಡ ಬಸಂತರಾಯರು ಫೌಜದಾರರಿಗೆ, "ತಕರಾರು ಇಲ್ರಿ, ಹಗಿ ಹರದೈತಿ" ಎಂದುಬಿಟ್ಟರು. ಪದ್ಧತಿಗೇನು, ಹೇಳುವವರು ಬಗ್ಗಿಸಿದತ್ತ ಬಗ್ಗುತ್ತದೆ. ಚಂದವ್ವನನ್ನು ಮಾತ್ರ ಯಾರೂ ಕೇಳಲಿಲ್ಲ.

ರಜೆಯ ಮೇಲೆ ಬಂದ ಸೋಮನಿಂಗ ದಿನವೂ ಆಕೆಯ ಮನೆಯೆದುರಿನ ಕಟ್ಟೆಯ ಮೇಲೆ ಕುಳಿತ. ಬೈಯಲಿಲ್ಲ, ಹೊಡೆಯಲಿಲ್ಲ, ಬಾಗಿಲನ್ನೇ ನೋಡುತ್ತ ಕುಳಿತ. ಅವನು ಜೈಲಿಗೆ ಮರಳುವವರೆಗೂ ಕಾಶಿಬಾಯಿ ಹೊಸ್ತಿಲು ದಾಟಲಿಲ್ಲ. "ಒಳಗಿರಬೇಕಾದಂವ ಹೊರಗ, ನನ್ನ ಮಗಳು ಒಳಗ. ಇದ್ಯಾವ ನ್ಯಾಯ್ರಿ?" ಎಂದು ಚಂದವ್ವ ತನ್ನ ಬಗ್ಗೆ ಬರೆಯಲು ಬಂದ ನನ್ನನ್ನು ಕೇಳುತ್ತಾಳೆ.

ಈಗ ಮತ್ತೆ ರಜೆಯ ಅರ್ಜಿ ಬಂದಿದೆ. ನಾನು ಅಲ್ಲಿರುವಾಗಲೇ ಫೌಜದಾರರು ಅರವಟಿಗೆಗೆ ಬರುತ್ತಾರೆ, ಜೊತೆಗೆ ಬಸಂತರಾಯರು, ಹಿಂದೆ ರುಕ್ಮವ್ವ. ಮುದುಕಿ ಬಿಸಿಲಲ್ಲಿ ನಡೆದು ಬಂದಿದ್ದಾಳೆ, ತುಟಿ ಒಣಗಿದೆ. ಬಂದವಳೇ ಎಲ್ಲರೆದುರು ಬೊಗಸೆಯೊಡ್ಡುತ್ತಾಳೆ.

"ಹಾಕವಾ ಚಂದವ್ವ," ಎನ್ನುತ್ತಾರೆ ಗೌಡರು. "ಹೋದ ವರ್ಷ ಹಾಕಿದಾಕಿ ನೀನ ಅಲ್ಲೇನು?"

"ಹೌದ್ರಿ ಗೌಡ್ರ. ಅದು ದಾರಿ ನೀರು, ನನ್ನ ಮನಿ ನೀರಲ್ಲ."

ರುಕ್ಮವ್ವನ ಕೈ ಇಳಿಯುವುದಿಲ್ಲ. "ಇರೂದು ಒಬ್ಬ ಮಗಾ, ಯವ್ವಾ" ಎನ್ನುತ್ತಾಳೆ. ಚಂದವ್ವನ ಕಣ್ಣುಗಳು ತುಂಬುತ್ತವೆ. ಆದರೂ ತಂಬಿಗೆ ಮುಟ್ಟದೆ ಫೌಜದಾರರ ಕಡೆ ತಿರುಗುತ್ತಾಳೆ.

"ನನ್ನ ತಕರಾರು ಐತ್ರಿ. ಮೊದಲ ಅದನ್ನ ಬರಕೋರಿ."

ಫೌಜದಾರರು ಬರೆದು, ಓದಿ ಹೇಳುತ್ತಾರೆ. ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಆಮೇಲೆ ಮಸಿ ಹತ್ತಿದ ಅದೇ ಕೈಯಿಂದ ತಂಬಿಗೆ ಎತ್ತಿ ಮುದುಕಿಯ ಬೊಗಸೆಗೆ ನೀರು ಹಾಕುತ್ತಾಳೆ. ರುಕ್ಮವ್ವ ಕುಡಿಯುತ್ತಾಳೆ. ತಕರಾರು ಆಗಲೇ ಕಾಗದಕ್ಕೆ ಏರಿದೆ; ಈ ಸಲ ಈ ನೀರು ತೋರಿಸಿ ಹಗೆ ಹರಿಯಿತು ಎನ್ನಲು ಗೌಡರಿಗೆ ಬರುವುದಿಲ್ಲ.

ಅವರೆಲ್ಲ ಹೋದ ಮೇಲೆ, ಸೋಮನಿಂಗನೇ ನೀರಡಿಸಿ ಬಂದರೆ ಏನು ಮಾಡುತ್ತೀ ಎಂದು ಕೇಳುತ್ತೇನೆ. ಚಂದವ್ವ ಹರವಿಯ ಮುಚ್ಚಳ ಸರಿಪಡಿಸುತ್ತಾಳೆ.

"ಅವಗೂ ಹಾಕ್ತೇನ್ರಿ. ಶಿಕ್ಷಾ ಮುಗಿಸಿ ಬರ್ಲಿ."