ಬಲಗಡೆ ಹರಿದ ಅಂಗಿ

ಮಗ್ಗದ ಹಾಸಿನ ಎಳೆಯೊಂದು ತುಂಡಾಯಿತು. ಸಂಜೀವಪ್ಪ ಪವರ್‌ಲೂಮ್ ನಿಲ್ಲಿಸಿ, ಎರಡು ತುದಿಗಳನ್ನು ಹುಡುಕಿ ಗಂಟು ಹಾಕಿ, ಉಳಿದ ನೂಲನ್ನು ಕತ್ತರಿಸಿ ಮತ್ತೆ ಸ್ವಿಚ್ ಒತ್ತಿದರು. ಮೂವತ್ತೆಂಟು ವರ್ಷ ಪಳಗಿದ ಕೈ, ಕಣ್ಣು ಬೇಕಾಗಲಿಲ್ಲ. ಅವರ ಅಂಗಿ ಬಲಗಡೆ ಕೊರಳಿನಿಂದ ಕೆಳಕ್ಕೆ ಅಂಗೈ ಅಗಲದಷ್ಟು ಹರಿದಿತ್ತು.

ಪಕ್ಕದ ಮಗ್ಗದ ಅಪ್ಪಯ್ಯಣ್ಣ ಅದನ್ನೇ ನೋಡುತ್ತಿದ್ದ. "ಒಳಕ್ಕೆ ತುರುಕ್ಕೊಳೋ. ಮಗ್ಗಕ್ಕೆ ಸಿಕ್ಕೊಂಡ್ರೆ ನಿನ್ನನ್ನೂ ಸೇರಿಸಿ ನೇಯ್ದ್ಬಿಡುತ್ತೆ."

ಸಂಜೀವಪ್ಪ ತುರುಕಿಕೊಂಡರು. ಮಗಳು ಚೈತ್ರಳನ್ನು ಮಣ್ಣು ಮಾಡಿ ಅಂದಿಗೆ ಇಪ್ಪತ್ತೊಂಬತ್ತು ದಿನ.

ದೊಡ್ಡಬಳ್ಳಾಪುರದ ಅವರ ಸಣ್ಣ ಕ್ರೈಸ್ತ ಸಭೆಯಲ್ಲಿ ಭಾನುವಾರದ ಬೈಬಲ್ ಪಾಠ ಓದುತ್ತಿದ್ದವರು ಹತ್ತೊಂಬತ್ತು ವರ್ಷದಿಂದ ಸಂಜೀವಪ್ಪನೇ. ಹಿಂದೆ ಊರಲ್ಲಿದ್ದ ಉಪದೇಶಿಯೊಬ್ಬರು ಹೋಗುವಾಗ ಯೆಹೂದ್ಯರ ಆಚಾರಗಳ ಮೇಲಿನ ತೆಳ್ಳನೆಯ ಪುಸ್ತಕವೊಂದನ್ನು ಕೊಟ್ಟಿದ್ದರು. ಅಲ್ಲಿಂದ ಶುರು. ಪ್ರಭುಭೋಜನದ ರೊಟ್ಟಿ ಯೆಹೂದ್ಯರ ಪಸ್ಕ ಹಬ್ಬದ ಊಟದಿಂದ ಬಂತು, ಶಿಲುಬೆಯ ಮೇಲಿನ ಯೇಸುವಿನ ಬಾಯಲ್ಲಿ ಬಂದದ್ದು ಇಪ್ಪತ್ತೆರಡನೇ ಕೀರ್ತನೆ, ಹೀಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಸಭೆಯ ಹುಡುಗರು 'ರಬ್ಬಿ', ಅಂದರೆ ಯೆಹೂದ್ಯರ ಗುರು, ಎಂದು ಹೆಸರಿಟ್ಟರು. ಆ ಹೆಸರನ್ನು ಮನೆಯಲ್ಲಿ ಹೆಚ್ಚು ಬಳಸುತ್ತಿದ್ದವಳು ಚೈತ್ರ. "ರಬ್ಬಿಗಳೇ, ಕಾಫಿ ಆರ್ತಿದೆ." ಹತ್ತಿರದ ಮಧುರೆ ಊರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಡೆಂಗಿ ಜ್ವರ ಬಂದು ಐದೇ ದಿನ. ಇಪ್ಪತ್ನಾಲ್ಕು ವಯಸ್ಸು.

ಸಮಾಧಿಯ ಬಳಿ ಪೆಟ್ಟಿಗೆ ಇಳಿಸುವ ಮೊದಲು ಸಂಜೀವಪ್ಪ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ಯೋಸೇಫ ಸತ್ತನೆಂದು ಯಾಕೋಬ ಬಟ್ಟೆ ಹರಿದುಕೊಂಡದ್ದನ್ನು ಅದೆಷ್ಟೋ ಸಲ ಓದಿದ್ದರು. ಬಟ್ಟೆ ಜಗ್ಗಲಿಲ್ಲ. ಅಂಚಿಗೆ ಕಚ್ಚು ಬೀಳದೆ ಬಟ್ಟೆ ಹರಿಯುವುದಿಲ್ಲವೆಂದು ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೊತ್ತಿನಲ್ಲಿ ಅವರಿಗೆ ಮರೆತಿತ್ತು.

"ನಿನ್ ಕತ್ತರಿ ಕೊಡು," ಎಂದರು.

ಅಪ್ಪಯ್ಯಣ್ಣ ಜೇಬಿನಿಂದ ನೂಲು ಕತ್ತರಿ ತೆಗೆದ. ಕೊರಳಪಟ್ಟಿಗೆ ತಾನೇ ಒಂದು ಕಚ್ಚು ಹಾಕಿ ಹಿಂದೆ ಸರಿದ. ಉಳಿದದ್ದನ್ನು ಸಂಜೀವಪ್ಪ ಹರಿದರು. ಆ ಸದ್ದಿಗೆ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

ಆಮೇಲೆ, ಪುಸ್ತಕದಲ್ಲಿದ್ದ ಯೆಹೂದ್ಯರ ಆಚಾರದಂತೆ, ಏಳು ದಿನ ಮನೆಯಲ್ಲಿ ನೆಲದ ಮೇಲೆ ಕೂತರು. ಅಲ್ಲೇ ನಡೆದ ಮೂರನೇ ದಿನದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ತಮ್ಮ ನಂಬಿಕೆಯ ಸಾಕ್ಷಿ ಹೇಳಬೇಕೆಂದು ಸಭಾಪಾಲಕ ಭಾನುಪ್ರಕಾಶ್ ಕೇಳಿದರು. ಸಂಜೀವಪ್ಪ ಏಳಲಿಲ್ಲ.

"ಮಗಳು ಪ್ರಭುವಿನ ಹತ್ರ ಇದಾಳೆ ಅನ್ನೋ ನಂಬಿಕೆ ಇಲ್ವಾ ನಿಮಗೆ?"

"ಇದೆ, ಅಯ್ಯನೋರೆ. ನನ್ ಹತ್ರ ಇಲ್ವಲ್ಲ."

"ಇದೆಲ್ಲ ಹಳೇ ಒಡಂಬಡಿಕೆ, ಸಂಜೀವಪ್ಪ."

"ಲಾಜರ ಸತ್ತಾಗ ನಾಕನೇ ದಿನಾನೂ ಮನೇಲಿ ಜನ ಬಂದು ಕೂತಿದ್ರು. ಸ್ವಾಮಿನೂ ಅತ್ತರು. ಅದು ಹೊಸದ್ರಲ್ಲೇ ಇದೆ."

ಭಾನುಪ್ರಕಾಶ್ ಕೆಟ್ಟವರಲ್ಲ. ಹರಿದ ಅಂಗಿಯಲ್ಲಿ ಸಭೆಯ ಮುಂದೆ ನಿಂತರೆ ನಂಬಿಕೆ ಕಳೆದುಕೊಂಡವನಂತೆ ಕಾಣುತ್ತದೆ ಎಂಬುದು ಅವರ ಅಳುಕು. ಉಪದೇಶಿ ಕೊಟ್ಟ ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋಗಿ ಓದಿದರು. ವಾಪಸ್ ಕೊಡುವಾಗ ಒಂದು ಸಾಲು ತೋರಿಸಿದರು. ತಂದೆತಾಯಿಗಾಗಿ ಎಡಗಡೆ ಹರಿದದ್ದನ್ನು ಎಂದಿಗೂ ಸರಿಯಾಗಿ ಹೊಲಿಯುವಂತಿಲ್ಲ. ಮಕ್ಕಳಿಗಾಗಿ ಬಲಗಡೆ ಹರಿದದ್ದನ್ನು ಮೂವತ್ತು ದಿನ ಕಳೆದ ಮೇಲೆ ಹೊಲಿಯಬಹುದು. "ಹೊಲಿಸ್ಕೊಂಡು ಬನ್ನಿ. ಓದೋ ಜಾಗ ನಿಮ್ಮದೇ. ಅಲ್ಲೀವರ್ಗೂ ಬೇರೆಯವರು ಓದ್ಲಿ."

ಸಂಜೀವಪ್ಪ ಒಪ್ಪಿದ್ದರು. ಆ ಜಾಗ ಅವರಿಗೆ ಬೇಕಾಗಿತ್ತು. ಮಗ್ಗದ ಸದ್ದಿನಲ್ಲೇ ದಿನವಿಡೀ ಕಳೆಯುವ ಅವರ ಮಾತನ್ನು ನಲವತ್ತು ಜನ ಸುಮ್ಮನೆ ಕೂತು ಕೇಳುತ್ತಿದ್ದದ್ದು ಅಲ್ಲಿ ಮಾತ್ರ.

ಮೂವತ್ತು ದಿನ ತುಂಬಿದ ಶನಿವಾರ ಸಂಜೆ ಅಂಗಿ ಬಿಚ್ಚಿ ಹೆಂಡತಿ ಅಮ್ಮಯಮ್ಮನ ಕೈಗೆ ಕೊಟ್ಟರು. ಆಕೆ ಸೂಜಿಗೆ ಬಿಳಿ ದಾರ ಪೋಣಿಸಿ, ಹರಿದ ಅಂಚುಗಳನ್ನು ಜೋಡಿಸಿ ಹಿಡಿದು ಕೇಳಿದರು.

"ಅಪ್ಪ ಅಮ್ಮಂಗೆ ಹರ್ಕೊಂಡಿದ್ದು ಹೊಲೀಬಾರ್ದಾ?"

"ಹೂಂ."

"ಮಕ್ಕಳಿಗಾದ್ರೆ ಹೊಲೀಬೋದು?"

"ಹಂಗಂತ ಬರೆದಿದೆ."

"ಬರೆದೋನು ಗಂಡಸಿರ್ಬೇಕು."

ಆ ನಿಯಮ ಏಕೆ ಹಾಗಿದೆಯೆಂದು ಸಂಜೀವಪ್ಪ ಪುಸ್ತಕದಲ್ಲಿ ಹುಡುಕಿದ್ದರು, ಸಿಕ್ಕಿರಲಿಲ್ಲ. ಅಮ್ಮಯಮ್ಮ ಸೂಜಿಯಿಂದ ದಾರವನ್ನು ಎಳೆದು ತೆಗೆದು ರೀಲಿಗೆ ಸುತ್ತಿದರು. ಅಂಗಿಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ಹಿಂಡದೆ, ಹರಿದ ಕಡೆ ಎಳೆ ಬಿಚ್ಚಿಕೊಳ್ಳದ ಹಾಗೆ ಹಗ್ಗಕ್ಕೆ ಹಾಕಿದರು.

"ನಾಳೆಗೆ ಒಣಗುತ್ತೆ," ಎಂದರು.

ಭಾನುವಾರ ಸಂಜೀವಪ್ಪ ಹೊಲಿಯದ ಅದೇ ಅಂಗಿ ತೊಟ್ಟು ಹೆಂಡತಿಯ ಜೊತೆ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಭಾನುಪ್ರಕಾಶ್ ಒಮ್ಮೆ ಅವರತ್ತ ನೋಡಿ, ಪಾಠ ಓದಲು ಸಭೆಯ ಹುಡುಗ ಬೀರೇಶನನ್ನು ಕರೆದರು. ಈಗ ಪ್ರತಿ ವಾರ ಬೀರೇಶನೇ ಓದುತ್ತಾನೆ.