ಸಿಹಿ ಬೇರಿನ ಒತ್ತಡ

ರಕ್ತದೊತ್ತಡ ಅಳೆಯುವ ಪಟ್ಟಿ ತೋಳಿಗೆ ಬಿಗಿದೊಡನೆ ಮನುಷ್ಯನಿಗೆ ಪ್ರಾಣದ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟುವುದನ್ನು ತಾವೂ ಗಮನಿಸಿರಬಹುದು. ನಾನಂತೂ ಪಕ್ಕದ ಕುರ್ಚಿಯಲ್ಲಿ ಕೂತೇ ಉಸಿರು ಬಿಗಿಹಿಡಿಯುವ ಆಸಾಮಿ. ಅಂದು ಯಲಹಂಕದ ಚಿಕಿತ್ಸಾಲಯದಲ್ಲಿ ಪಟ್ಟಿ ಬಿಗಿದದ್ದು ನನ್ನ ಹೆಂಡತಿ ಸುಮಿತ್ರೆಯ ತೋಳಿಗೆ.

ಧಾರವಾಡದಿಂದ ಬಂದು, ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಅವಳ ರಕ್ತದೊತ್ತಡ, ಮಾತ್ರೆ ಬದಲಿಸಿದರೂ ಇಳಿದಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಮೆಟ್ಟಿಲು ಹತ್ತಲೂ ಕಾಲುಗಳು ಸೋಲುತ್ತಿದ್ದವು. ಡಾಕ್ಟರು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳ ಪುರಾಣ ಬಿಚ್ಚಿದರು: ಮೆದುಳು ಹೆದರಿದಾಗ ಅದರ ಅಪ್ಪಣೆಯಂತೆ ಅಡ್ರಿನಲಿನ್ ಸುರಿಸಿ ಒತ್ತಡ ಏರಿಸುವವೂ ಅವೇ, ಇನ್ನೊಂದು ರಸದಿಂದ ಮೈಯಲ್ಲಿ ಉಪ್ಪು ನೀರುಗಳನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಹೊರದಬ್ಬಿ ಏರಿಸುವವೂ ಅವೇ. ಅಲ್ಲೊಂದು ಗಡ್ಡೆ ಬೆಳೆದಿರಬಹುದು, ಸ್ಕ್ಯಾನ್ ಮಾಡಿಸೋಣ ಎಂದರು. ಗಡ್ಡೆಯೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೆದುಳು ನನ್ನ ಗ್ರಂಥಿಗಳಿಗೆ ಎಂಥ ಖಡಕ್ ಅಪ್ಪಣೆ ಕಳಿಸಿತೋ, ಎದೆ ಡವಡವ ಹೊಡೆದುಕೊಂಡು ಅಂಗೈ ಒದ್ದೆಯಾಯಿತು. ಅವಳಿಲ್ಲದ ಮನೆಯನ್ನು ನೆನೆದು ನಿಜಕ್ಕೂ ನಡುಗಿಹೋದೆ.

"ಮನೆಮದ್ದು ಏನಾದ್ರೂ ತಗೋತಿದೀರಾ ಮೇಡಂ?" ಎಂದರು ಡಾಕ್ಟರು.

"ಏನಿಲ್ರಿ," ಎಂದಳು ಸುಮಿತ್ರೆ, ಬಾಯಲ್ಲಿದ್ದುದನ್ನು ದವಡೆಗೆ ಸರಿಸುತ್ತ.

"ಮತ್ತೆ ಬಾಯಲ್ಲಿ ಏನದು?"

"ಜೇಷ್ಠಮಧು ರಿ. ದನಿಗೆ."

ಬರಿಗೈಯಲ್ಲಿ ಪಾಠಕ್ಕೆ ಬರಬಾರದೆಂದು ಶಿಷ್ಯರು ಜೇಷ್ಠಮಧುವಿನ ಸಿಹಿ ಬೇರಿನ ಕಡ್ಡಿ ತರುವುದು ಅವಳ ತರಗತಿಯ ರೂಢಿ; ಅದು ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿರುತ್ತಿತ್ತು. ಅದನ್ನು ಔಷಧವೆಂದು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ದಿನವಿಡೀ ಜಗಿದರೆ ಗ್ರಂಥಿಗಳ ಉಪ್ಪು ಹಿಡಿಯುವ ಕೆಲಸವನ್ನು ಆ ಬೇರೂ ಮಾಡಿಸಬಲ್ಲದಂತೆ. ಮೊದಲು ಅದನ್ನು ಬಿಡಿ, ಪೊಟ್ಯಾಸಿಯಂ ತಗೊಳ್ಳಿ, ಆಮೇಲೂ ಇಳಿಯದಿದ್ದರೆ ಸ್ಕ್ಯಾನ್ ಎಂದರು.

ಬಿಟ್ಟಳು. ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರೂ ಪತ್ರಿಕೆಯ ಅಕ್ಷರಗಳು ನನಗೆ ಕಾಣದಾಗುತ್ತಿದ್ದವು. ಆಶಾವಾದದ ಬಗ್ಗೆ ಊರಿಗೆಲ್ಲ ಉಪದೇಶ ಮಾಡುವ ಪಂಡಿತ ನಾನು. ಗಡ್ಡೆಯೇ ಇದ್ದರೆ ಎಂಬ ಯೋಚನೆಯನ್ನು ಒಂದು ಗಂಟೆಯೂ ಬಿಟ್ಟಿರಲಾರದೆ ಹೋದೆ. ಕೆಲವು ವಾರಗಳ ಬಳಿಕ ಮತ್ತೆ ಪಟ್ಟಿ ಬಿಗಿದರು. ಒತ್ತಡ ಇಳಿದಿತ್ತು, ಪೊಟ್ಯಾಸಿಯಂ ಏರಿತ್ತು. ಸ್ಕ್ಯಾನ್ ಬೇಡವೆಂದಾಗ ಗಟ್ಟಿಯಾಗಿ ಉಸಿರು ಬಿಟ್ಟವನು ನಾನೇ.

ಅಂದು ಸಂಜೆ ಕೆಂಪಾಪುರದ ಶಿಷ್ಯೆಯೊಬ್ಬಳ ತಾಯಿ ಎಂದಿನಂತೆ ಕಡ್ಡಿಗಳ ಕಟ್ಟು ತಂದರು. ಸುಮಿತ್ರೆ ಕೈಮುಗಿದು ಹಿಂದಿರುಗಿಸಿದಳು.

"ದನಿ ಕಟ್ಬಿಟ್ರೆ ಏನ್ ಮಾಡ್ತೀರಾ ಮೇಡಂ?"

"ಕಟ್ಟಿದ್ರ ಕಟ್ಟಲಿ ಬಿಡ್ರಿ. ಹಾಡಲಿಕ್ಕೆ ಮೊದಲ ನಾ ಇರಬೇಕಲ್ಲ."